ಹೊಕ್ಕುಳ ಮಟ್ಟಕ್ಕೆ ಟೇಪು ಹಿಡಿ

ನಿನ್ನೆ ಊಟವಾದ ಮೇಲೆ ಫೋನಿನಲ್ಲಿ ರಿಪೋರ್ಟು ತೋರಿಸಿದೆಯಲ್ಲ, ಖಾಲಿ ಹೊಟ್ಟೆಯ ಸಕ್ಕರೆ 112. 'ತೂಕ ಬರೀ 68, ಬಿಎಂಐ ನಾರ್ಮಲ್ ಇದೆ ದೊಡ್ಡಮ್ಮ, ಲ್ಯಾಬಿನವರೇ ತಪ್ಪು ಮಾಡಿರಬೇಕು' ಅಂದೆ. ನಾನು ಹೊಲಿಗೆ ಡಬ್ಬಿಯ ಟೇಪು ತಂದು ನಿನ್ನ ಹೊಕ್ಕುಳ ಮಟ್ಟಕ್ಕೆ ಸುತ್ತಿದೆ. ನೀನು ಉಸಿರು ಬಿಗಿಹಿಡಿದು ನಿಂತೆ. 'ಬಿಡೋ' ಅಂದ ಮೇಲೆ 96 ಸೆಂಟಿಮೀಟರ್. ನಮ್ಮ ದೇಶದ ಗಂಡಸರಿಗೆ 90, ಹೆಂಗಸರಿಗೆ 80 ದಾಟಬಾರದು. ಎಲ್ಲರ ಎದುರು ಹೇಳುವುದು ಬೇಡವೆಂದು ಸುಮ್ಮನಾದೆ. ಈಗ ಕೇಳು ಮಗೂ.

ಮೂವತ್ತು ವರ್ಷ ಮೈಕ್ರೋಸ್ಕೋಪಿಗೆ ಕಣ್ಣಿಟ್ಟವಳು ನಾನು. ಕೊಬ್ಬಿನ ತುಣುಕು ಸ್ಲೈಡಿನಲ್ಲಿ ಜೇನುಹಟ್ಟಿಯ ಹಾಗೆ ಕಾಣುತ್ತದೆ. ತಯಾರಿಸುವಾಗಲೇ ಒಳಗಿನ ಜಿಡ್ಡು ಕರಗಿಹೋಗಿರುತ್ತದಾದ್ದರಿಂದ ಒಂದೊಂದು ಜೀವಕೋಶವೂ ಖಾಲಿ ಕೋಣೆ. ಬೊಜ್ಜಿನವರ ಕೊಬ್ಬಿನಲ್ಲಿ ಅಲ್ಲಲ್ಲಿ ಒಂದು ಕೋಣೆಯ ಸುತ್ತ ನೇರಳೆ ಚುಕ್ಕಿಗಳು ಕಿರೀಟದಂತೆ ಮುತ್ತಿಕೊಂಡಿರುತ್ತವೆ. ಅವು ಮ್ಯಾಕ್ರೋಫೇಜ್ ಎಂಬ ರೋಗನಿರೋಧಕ ಕೋಶಗಳ ಗುರುತು, ಸತ್ತ ಕೊಬ್ಬಿನ ಕೋಶವನ್ನು ತಿಂದು ತೆರವು ಮಾಡಲು ಬಂದವು.

ನಾವು ಓದುವ ಕಾಲಕ್ಕೆ ಕೊಬ್ಬೆಂದರೆ ಉಗ್ರಾಣ, ಅಷ್ಟೇ. 1993ರಲ್ಲಿ ಹೊತಾಮಿಸ್ಲಿಗಿಲ್ ಮತ್ತು ಸ್ಪೀಗಲ್‌ಮನ್ ತಂಡದವರು ಬೊಜ್ಜಿನ ಇಲಿಗಳ ಕೊಬ್ಬಿನಲ್ಲೇ ಟಿಎನ್‌ಎಫ್ ಎಂಬ ಉರಿಯೂತದ ರಾಸಾಯನಿಕ ಹುಟ್ಟುತ್ತದೆ, ಅದು ಇನ್ಸುಲಿನ್ನಿನ ಕೆಲಸ ಕೆಡಿಸುತ್ತದೆ ಎಂದು ತೋರಿಸಿದರು. ಅದನ್ನು ಹೆಚ್ಚಾಗಿ ಸುರಿಸುವವು ಈ ಮ್ಯಾಕ್ರೋಫೇಜ್‌ಗಳೇ ಎಂದು ಗೊತ್ತಾಗಿದ್ದು 2003ರಲ್ಲಿ.

ಅವುಗಳ ಮೇಲೆ ಸಿಟ್ಟಾಗಬೇಡ. ತೆಳ್ಳಗಿರುವವರ ಕೊಬ್ಬಿನಲ್ಲೂ ಇವೆ, ತಮ್ಮ ಪಾಡಿಗೆ ಕಸ ತೆಗೆದುಕೊಂಡಿರುತ್ತವೆ. ಟಿ-ರೆಗ್ ಎಂಬ ಇನ್ನೊಂದು ಜಾತಿಯ ಕೋಶಗಳು ಅವನ್ನು ತಣ್ಣಗಿಡುತ್ತವೆ. ನಾವು ತುಂಬಿಸುತ್ತಲೇ ಹೋದರೆ ಕೊಬ್ಬಿನ ಕೋಶ ಉಬ್ಬುತ್ತದೆ, ಆಮ್ಲಜನಕ ಸಾಲದೆ ನರಳುತ್ತದೆ, ಕೆಲವು ಸಾಯುತ್ತವೆ. ಆ ಸುದ್ದಿಗೆ ರಕ್ತದಿಂದ ಹೊಸ ಪಡೆ ನುಗ್ಗುತ್ತದೆ, ತಣ್ಣಗಿಡುವವು ಕಡಿಮೆಯಾಗುತ್ತವೆ. ಜ್ವರವಿಲ್ಲ, ನೋವಿಲ್ಲ, ವರ್ಷಗಟ್ಟಲೆ ಒಳಗೇ ಹೊಗೆಯಾಡುತ್ತದೆ. ಕರುಳಿನ ಸುತ್ತಲಿನ ಕೊಬ್ಬಿನ ರಕ್ತ ನೇರವಾಗಿ ಪಿತ್ತಜನಕಾಂಗಕ್ಕೇ ಹೋಗುವುದರಿಂದ ಏಟು ಮೊದಲು ಬೀಳುವುದು ಅಲ್ಲಿ. ನಿನ್ನ 112 ಲ್ಯಾಬಿನವರ ತಪ್ಪಲ್ಲಪ್ಪಾ, ಈ ಹೊಗೆಯ ವಾಸನೆ ಎಂದೇ ನನಗನ್ನಿಸುತ್ತದೆ.

ಬಿಎಂಐ ನಂಬಿ ಕೂರಬೇಡ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ತಮ್ಮದೇ ಫೋಟೋವನ್ನು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದರು. ಇಬ್ಬರ ಬಿಎಂಐಯೂ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ನಮ್ಮವರ ಮೈಯಲ್ಲಿ ಶೇ. 21.2.

ಹಾಗಂತ ನಾಳೆಯಿಂದಲೇ ಉಪವಾಸಕ್ಕೆ ಕೂರಬೇಡ. ನಿನ್ನ ಹಟ ನನಗೆ ಗೊತ್ತು. ಇಲಿಗಳಲ್ಲಿ ನೋಡಿದ್ದಾರೆ, ಕೊಬ್ಬು ಒಮ್ಮೆಲೇ ಕರಗತೊಡಗಿದಾಗ ಅದನ್ನು ಹೀರಿಕೊಳ್ಳಲು ಮ್ಯಾಕ್ರೋಫೇಜ್‌ಗಳು ಮೊದಲು ಹೆಚ್ಚುತ್ತವೆ, ಆಮೇಲೆ ಇಳಿಯುತ್ತವೆ. ನಿಧಾನವಾಗಿಯೇ ಆಗಲಿ. ಚೆನ್ನೈನ ಡಾ. ರಾಮಚಂದ್ರನ್ ತಂಡ ಸಕ್ಕರೆಯ ಅಂಚಿನಲ್ಲಿದ್ದವರಿಗೆ ಊಟ ತಿದ್ದಿ, ದಿನಾ ಅರ್ಧ ಗಂಟೆ ನಡೆಯಲು ಹೇಳಿತು. 2006ರಲ್ಲಿ ಪ್ರಕಟವಾದ ಲೆಕ್ಕದಂತೆ, ತೂಕ ಹೇಳಿಕೊಳ್ಳುವಷ್ಟು ಇಳಿಯದಿದ್ದರೂ ಮಧುಮೇಹಕ್ಕೆ ಜಾರುವ ಅಪಾಯ ಶೇ. 28.5 ಕಡಿಮೆಯಾಯಿತು. ಅದಕ್ಕೇ ತಕ್ಕಡಿ ಮುಳ್ಳು ಅಲುಗದಿದ್ದರೆ ನಡಿಗೆ ನಿಲ್ಲಿಸಬೇಡ.

ರಾತ್ರಿ ಹತ್ತೂವರೆಗೆ ತರಿಸುವ ಬಿರಿಯಾನಿ ಬಿಡು. ಎಂಟಕ್ಕೆ ಒಂದು ರೊಟ್ಟಿ, ತಟ್ಟೆ ತುಂಬ ಹೆಸರುಕಾಳು ಪಲ್ಯ, ಸೊಪ್ಪಿನ ಸಾರು. ಉಂಡ ಮೇಲೆ ಲ್ಯಾಪ್‌ಟಾಪ್ ತೆರೆಯುವ ಮೊದಲು ನಿಮ್ಮ ಲೇಔಟಿನ ಪಾರ್ಕಿಗೆ ಎರಡು ಸುತ್ತು. ಮೂರು ತಿಂಗಳಿಗೆ ಸಕ್ಕರೆ ಮತ್ತೆ ನೋಡಿಸಿ, ಡಾಕ್ಟರ ಹತ್ತಿರ ನೀನೇ ಹೋಗಿ ಮಾತಾಡು.

ಟೇಪನ್ನು ನಿನ್ನ ಬ್ಯಾಗಿನ ಪಕ್ಕದ ಜೇಬಿನಲ್ಲಿಟ್ಟಿದ್ದೇನೆ, ಚಕ್ಕುಲಿ ಡಬ್ಬಿ ತೆಗೆದು. ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಅಳೆದು ಫೋನ್ ಮಾಡು. ಉಸಿರು ಬಿಟ್ಟು ಅಳೆ.