ಅಜ್ಜಿಯ ಮಾತು, ರಕ್ತದ ಸಾಕ್ಷ್ಯ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ - ಈ ಯಾವ ಊರಿನಲ್ಲಾದರೂ ಎಪ್ಪತ್ತು ದಾಟಿದ ಅಜ್ಜಿಯೊಬ್ಬರನ್ನು “ಹೇಗಿದ್ದೀರಿ?” ಎಂದು ಕೇಳಿದರೆ, “ಏನೋ ಇದ್ದೀನಿ ಕಣಪ್ಪ, ಮೈಯಲ್ಲಿ ಕಸುವೇ ಇಲ್ಲ” ಎಂಬ ಉತ್ತರ ಬರುವುದುಂಟು. ಜ್ವರವಿಲ್ಲ, ಗಾಯವಿಲ್ಲ, ಆದುದರಿಂದ ಮನೆಯವರು “ವಯಸ್ಸಾಯಿತಲ್ಲ” ಎಂದು ಸುಮ್ಮನಾಗುವರು. ಅಜ್ಜಿಯ ಮಾತು ಬರಿಯ ಗೊಣಗಾಟವೇ ಅಥವಾ ದೇಹದೊಳಗಿನ ಯಾವುದಾದರೂ ಸಂಗತಿಯ ಸೂಚನೆಯೇ? ವಿಚಾರಿಸಿ ನೋಡೋಣ.

ಕಾಲಿಗೆ ಮುಳ್ಳು ಚುಚ್ಚಿದರೆ ಆ ಭಾಗವು ಕೆಂಪೇರಿ, ಬಿಸಿಯಾಗಿ, ಊದಿಕೊಂಡು ನೋಯುವುದು. ಈ ನಾಲ್ಕು ಲಕ್ಷಣಗಳನ್ನು ರೋಮಿನ ಸೆಲ್ಸಸ್ ಎಂಬ ಲೇಖಕನು ಕ್ರಿ.ಶ. ಒಂದನೆಯ ಶತಮಾನದಲ್ಲಿಯೇ ಬರೆದಿಟ್ಟನು. ಇದಕ್ಕೆ ಉರಿಯೂತವೆಂದು ಹೆಸರು. ಇದು ರೋಗವಲ್ಲ, ದೇಹದ ರಕ್ಷಣಾ ಕಾರ್ಯ. ಕೆಲಸ ಮುಗಿದೊಡನೆ ಅಡಗಬೇಕಾದುದು. ಆದರೆ ವಯಸ್ಸಾದಂತೆ ಅನೇಕರಲ್ಲಿ ಇದು ಪೂರ್ಣವಾಗಿ ಆರದೆ, ಬೂದಿಯ ಕೆಳಗಿನ ಕೆಂಡದಂತೆ ದೇಹದಾದ್ಯಂತ ಮಂದವಾಗಿ ಉಳಿಯುವುದು. ಇಟಲಿಯ ಕ್ಲಾಡಿಯೋ ಫ್ರಾನ್ಸೆಸ್ಕಿ ಮತ್ತು ಸಂಗಡಿಗರು 2000ದಲ್ಲಿ ಈ ಸ್ಥಿತಿಯ ಕಡೆಗೆ ವಿಜ್ಞಾನಿಗಳ ಗಮನ ಸೆಳೆದರು. ಧೂಮಪಾನ, ಹೊಟ್ಟೆಯ ಬೊಜ್ಜು, ವಸಡಿನ ರೋಗಗಳು ಈ ಕೆಂಡವನ್ನು ಕೆದಕುವುವು.

ಕಣ್ಣಿಗೆ ಕಾಣದ ಈ ಉರಿಯೂತವನ್ನು ಪತ್ತೆ ಮಾಡುವ ಹಳೆಯ ವಿಧಾನವೊಂದು ಭೌತಶಾಸ್ತ್ರದ ಪಾಠವೇ ಆಗಿದೆ. ಮಳೆಗಾಲದಲ್ಲಿ ಹೇಮಾವತಿಯ ರಾಡಿ ನೀರನ್ನು ಗಾಜಿನ ಪಾತ್ರೆಯಲ್ಲಿಟ್ಟರೆ ಮರಳು ಬೇಗನೆ ತಳ ಸೇರುವುದು. ನಯವಾದ ಮಣ್ಣು ಮರುದಿನವೂ ತೇಲುತ್ತಿರುವುದು. ದ್ರವದಲ್ಲಿ ಇಳಿಯುವ ಸಣ್ಣ ಗೋಳದ ವೇಗವು ಅದರ ತ್ರಿಜ್ಯದ ವರ್ಗಕ್ಕೆ ಅನುಪಾತದಲ್ಲಿರುವುದೆಂದು ಸ್ಟೋಕ್ಸ್ 1851ರಲ್ಲಿ ತೋರಿಸಿದನು. ತ್ರಿಜ್ಯ 2 ಪಟ್ಟಾದರೆ ವೇಗ 4 ಪಟ್ಟು.

ರಕ್ತದಲ್ಲಿಯೂ ಹೀಗೆಯೇ. ಕೆಂಪು ಕಣಗಳ ಮೇಲ್ಮೈಯಲ್ಲಿ ಋಣವಿದ್ಯುತ್ತು ಇರುವುದರಿಂದ ಅವು ಒಂದನ್ನೊಂದು ದೂರ ತಳ್ಳುವುವು. ಉರಿಯೂತವಿದ್ದಾಗ ಯಕೃತ್ತು ಫೈಬ್ರಿನೋಜನ್ ಎಂಬ ಪ್ರೋಟೀನನ್ನು ಹೆಚ್ಚಾಗಿ ತಯಾರಿಸುವುದು. ಅದರಿಂದ ಕಣಗಳು ಪೇರಿಸಿಟ್ಟ ನಾಣ್ಯಗಳಂತೆ ಅಂಟಿಕೊಂಡು ವೇಗವಾಗಿ ಇಳಿಯುವುವು. ಹೆಪ್ಪುಗಟ್ಟದಂತೆ ಮಾಡಿದ ರಕ್ತವನ್ನು ನೆಟ್ಟಗೆ ನಿಲ್ಲಿಸಿದ ಕೊಳವೆಯಲ್ಲಿಟ್ಟು, ಒಂದು ಗಂಟೆಯಲ್ಲಿ ಕಣಗಳು ಎಷ್ಟು ಮಿಲಿಮೀಟರು ಇಳಿದುವೆಂದು ನೋಡುವುದೇ ಪ್ರಯೋಗಾಲಯದ ಚೀಟಿಯಲ್ಲಿ ಕಾಣುವ ‘ಇ.ಎಸ್.ಆರ್.’ ರಕ್ತಹೀನತೆಯಿಂದಲೂ ಈ ಅಂಕಿ ಏರುವುದಾದುದರಿಂದ ಇದೊಂದನ್ನೇ ನಂಬುವಂತಿಲ್ಲ. ಟಿಲೆಟ್ ಮತ್ತು ಫ್ರಾನ್ಸಿಸ್ 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡುಹಿಡಿದ ಸಿ-ರಿಯಾಕ್ಟಿವ್ ಪ್ರೋಟೀನು, ಅಂದರೆ ಸಿ.ಆರ್.ಪಿ., ಇದಕ್ಕಿಂತ ಸೂಕ್ಷ್ಮವಾದ ಸೂಚಕ.

ಇನ್ನು ಅಜ್ಜಿಯ ಮಾತಿಗೆ ಬರೋಣ. ಉರಿಯೂತದ ಸಂದೇಶವನ್ನು ಒಯ್ಯುವ ಇಂಟರ್‌ಲ್ಯೂಕಿನ್-6 ಮೊದಲಾದ ವಸ್ತುಗಳು ಯಕೃತ್ತಿಗೆ ಮಾತ್ರವಲ್ಲ, ರಕ್ತ ಮತ್ತು ನರಗಳ ಮೂಲಕ ಮೆದುಳಿಗೂ ಸುದ್ದಿ ಮುಟ್ಟಿಸುವುವು. ಜ್ವರ ಬಂದಾಗ ಊಟ ಸೇರದೆ, ಯಾರೊಡನೆಯೂ ಮಾತು ಬೇಡವೆನಿಸಿ, ಹೊದ್ದು ಮಲಗೋಣವೆನ್ನಿಸುವುದು ಈ ಸುದ್ದಿಯಿಂದಲೇ. ಆರೋಗ್ಯವಂತ ಸ್ವಯಂಸೇವಕರಿಗೆ ಬ್ಯಾಕ್ಟೀರಿಯಾದ ಒಂದು ಅಂಶವನ್ನು ಅತ್ಯಲ್ಪ ಪ್ರಮಾಣದಲ್ಲಿ ಚುಚ್ಚಿದ ಪ್ರಯೋಗಗಳು ನಡೆದಿವೆ. ಕೆಲವೇ ಗಂಟೆಗಳಲ್ಲಿ ಅವರು ತಮ್ಮ ಆರೋಗ್ಯಕ್ಕೆ ತಾವೇ ಕೊಡುವ ಅಂಕ ಇಳಿಯಿತು. ವೃದ್ಧರಲ್ಲಿ ಇದೇ ಸುದ್ದಿ ಮೆಲುದನಿಯಲ್ಲಿ, ಆದರೆ ದಿನವೂ ಮುಟ್ಟುತ್ತಿರಬಹುದು.

ಅಮೆರಿಕದ ಓಹಾಯೋದಲ್ಲಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ತಮ್ಮ ಆರೋಗ್ಯ ಚೆನ್ನಾಗಿಲ್ಲವೆಂದ ವೃದ್ಧರ ರಕ್ತದಲ್ಲಿ ಉರಿಯೂತದ ಸೂಚಕಗಳು ಹೆಚ್ಚಾಗಿದ್ದುವು. ಕೆನಡಾದ ಮ್ಯಾನಿಟೋಬಾದಲ್ಲಿ ನಡೆದು 1982ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವು, ಇಂತಹ ಉತ್ತರವು ವೃದ್ಧರ ಆಯುಷ್ಯವನ್ನೂ ಸೂಚಿಸಬಲ್ಲುದೆಂದು ಅದಕ್ಕೂ ಮೊದಲೇ ತೋರಿಸಿತ್ತು. ನಮ್ಮಲ್ಲಿಯೂ ಈ ಕಾರ್ಯ ನಡೆದಿದೆ. ಭಾರತದ ವೃದ್ಧಾಪ್ಯ ಅಧ್ಯಯನದ ಪೂರ್ವಪರೀಕ್ಷೆಯು 2010ರಲ್ಲಿ ಕರ್ನಾಟಕ, ಕೇರಳ, ಪಂಜಾಬ್, ರಾಜಸ್ಥಾನಗಳಲ್ಲಿ ಜರುಗಿತು. 2017-18ರ ಮೊದಲ ಸುತ್ತಿನಲ್ಲಿ ದೇಶದ 72,000ಕ್ಕೂ ಹೆಚ್ಚು ಜನರನ್ನು ಸಂದರ್ಶಿಸಲಾಯಿತು. “ನಿಮ್ಮ ಆರೋಗ್ಯ ಹೇಗಿದೆ?” ಎಂದು ಕೇಳಿದುದಲ್ಲದೆ, ಬೆರಳ ತುದಿಯ ರಕ್ತದ ಹನಿಗಳನ್ನು ಕಾಗದದ ಮೇಲೆ ಒಣಗಿಸಿಯೂ ಸಂಗ್ರಹಿಸಿದರು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಎರಡು ಸಂಗತಿಗಳು ಜೊತೆಗೂಡಿ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳುವಂತಿಲ್ಲ. ರಕ್ತಹೀನತೆ, ಸಕ್ಕರೆ ಕಾಯಿಲೆ, ಥೈರಾಯಿಡ್ ದೋಷ, ಒಂಟಿತನ ಇವೆಲ್ಲವೂ ಕಸುವನ್ನು ಕುಗ್ಗಿಸಬಲ್ಲುವು. ಸಿ.ಆರ್.ಪಿ. ಸರಿಯಾಗಿದ್ದರೂ ವೃದ್ಧರು ನಿಜವಾಗಿ ಬಳಲುತ್ತಿರಬಹುದು.

ಆದುದರಿಂದ ಮುಂದಿನ ಸಲ ಅಜ್ಜಿ “ಕಸುವಿಲ್ಲ” ಎಂದಾಗ, “ವಯಸ್ಸಾಯಿತು” ಎನ್ನುವ ಮೊದಲು ಎರಡು ಪ್ರಶ್ನೆಗಳನ್ನು ಕೇಳೋಣ: ಇದು ಎಂದಿನಿಂದ? ಹೋದ ವರ್ಷ ಮಾಡುತ್ತಿದ್ದ ಯಾವ ಕೆಲಸ ಈಗ ಆಗುತ್ತಿಲ್ಲ? ಆ ಉತ್ತರಗಳನ್ನು ಗುರುತು ಹಾಕಿಕೊಂಡು ಅವರನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯೋಣ. ವೈದ್ಯರಿಗೆ ರಕ್ತದ ಚೀಟಿಯಷ್ಟೇ ಆ ಉತ್ತರಗಳೂ ಬೇಕು.