ಶಂಕರ್ ಬರೆದ ಗೆರೆಗಳು: ಮಕ್ಕಳ ಜೊತೆ ಚಂದಮಾಮ ನೋಡುವ ಪಾಠ



ಕನ್ನಡ ಕಲಿಕೆ ಅಂದರೆ ಕಾಗುಣಿತ, ಒತ್ತಕ್ಷರ, ಗಾದೆ, ಒಗಟು ಇಷ್ಟೇ ಎಂದು ನಮ್ಮ ಮಕ್ಕಳು ಮೂಗು ಮುರಿಯುತ್ತಾರೆ. ಈ ಸಲ ಅಕ್ಷರ ಬೇಡ, ಚಿತ್ರ ನೋಡೋಣ. ಅದರಲ್ಲೂ ನನಗೆ ತುಂಬಾ ಇಷ್ಟವಾದ ಒಬ್ಬ ಚಿತ್ರಕಾರರ ಚಿತ್ರಗಳನ್ನು.

ಚಂದಮಾಮ ಓದಿದವರು ಕೈ ಎತ್ತಿ ಎಂದರೆ ಮಸ್ಕತ್ತಿನ ನಮ್ಮ ಯಾವ ಕೂಟದಲ್ಲಾದರೂ ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲೇಳುತ್ತವೆ. ಹೆಗಲ ಮೇಲೆ ಹೆಣ ಹೊತ್ತು, ಕೈಯಲ್ಲಿ ಕತ್ತಿ ಹಿಡಿದು ನಡೆಯುವ ಆ ಛಲಗಾರ ವಿಕ್ರಮನನ್ನು ಯಾರು ಮರೆತಾರು? ಆದರೆ ಆ ವಿಕ್ರಮನನ್ನು ಬರೆದವರು ಯಾರು ಎಂದು ಕೇಳಿ ನೋಡಿ, ಎದ್ದ ಕೈಗಳೆಲ್ಲ ಇಳಿದುಬಿಡುತ್ತವೆ!

ಅವರ ಹೆಸರು ಕೆ.ಸಿ. ಶಿವಶಂಕರನ್. ಓದುಗರಿಗೆ ಬರೀ ಶಂಕರ್. 1924ರಲ್ಲಿ ತಮಿಳುನಾಡಿನ ಒಂದು ಹಳ್ಳಿಯಲ್ಲಿ ಹುಟ್ಟಿ, ಮದ್ರಾಸಿನ ಸರ್ಕಾರಿ ಕಲಾ ಶಾಲೆಯಲ್ಲಿ ಓದಿದವರು. ಆಗ ಅಲ್ಲಿ ಪ್ರಿನ್ಸಿಪಾಲರಾಗಿದ್ದವರು ಡಿ.ಪಿ. ರಾಯ್ ಚೌಧುರಿ. ಚೆನ್ನೈನ ಮರೀನಾ ಬೀಚಿನಲ್ಲಿ ಬಂಡೆ ದೂಡುತ್ತಿರುವ ನಾಲ್ವರು ಕಾರ್ಮಿಕರ ಪ್ರತಿಮೆ ನೋಡಿದ್ದೀರಲ್ಲ, ಅದನ್ನು ಮಾಡಿದವರು. ಶಂಕರ್ ಮೊದಲು ಕಲೈಮಗಳ್ ಪತ್ರಿಕೆಯಲ್ಲಿದ್ದು, 1952ರಲ್ಲಿ ಚಂದಮಾಮಕ್ಕೆ ಬಂದರು. ಬಂದವರು ಸುಮಾರು 60 ವರ್ಷ ಅಲ್ಲೇ ಉಳಿದರು. ಪತ್ರಿಕೆ 2013ರ ಹೊತ್ತಿಗೆ ನಿಂತೇ ಹೋಯಿತು. ಶಂಕರ್ 2020ರ ಸೆಪ್ಟೆಂಬರಿನಲ್ಲಿ, 96ರ ವಯಸ್ಸಿನಲ್ಲಿ ತೀರಿಕೊಂಡರು. ಪದ್ಮಶ್ರೀ ಬಂದದ್ದು 2021ರಲ್ಲಿ, ಅವರು ಹೋದ ಮೇಲೆ. ನಮ್ಮ ದೇಶದಲ್ಲಿ ಚಿತ್ರಕಾರರ ಕಥೆಯೇ ಹೀಗೆ ಬಿಡಿ.

ತಮಿಳರಾದ ಶಂಕರ್ ಕನ್ನಡ ಪಾಠದಲ್ಲಿ ಯಾಕೆ ಬಂದರು ಎಂದು ಕೇಳಬಹುದು. ಚಂದಮಾಮ ಹುಟ್ಟಿದ ರೀತಿಯೇ ಹಾಗಿದೆ. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಎಂಬ ಇಬ್ಬರು ತೆಲುಗರು ಮದ್ರಾಸಿನಲ್ಲಿ 1947ರ ಜುಲೈನಲ್ಲಿ ತೆಲುಗು, ತಮಿಳು ಎರಡರಲ್ಲೂ ಶುರು ಮಾಡಿದರು. ಮುಂದೆ ಕನ್ನಡವೂ ಸೇರಿದಂತೆ ಹತ್ತಾರು ಭಾಷೆಗಳಿಗೆ ಹೋಯಿತು. ಶುರುವಿನ ವರ್ಷಗಳ ಮಹಾಭಾರತದ ಮುಖಪುಟಗಳಿಂದ ಮನೆಮಾತಾದ ಎಂ.ಟಿ.ವಿ. ಆಚಾರ್ಯರು ನಮ್ಮ ಕನ್ನಡಿಗರೇ. ರಾಕ್ಷಸರು, ವಿಚಿತ್ರ ಪ್ರಾಣಿಗಳು ತುಂಬಿದ ಧಾರಾವಾಹಿಗಳಿಗೆ ಬರೆಯುತ್ತಿದ್ದವರು ‘ಚಿತ್ರಾ’ ಎಂಬ ಹೆಸರಿನವರು. ಮುಖಪುಟಗಳಿಗೆ ವಡ್ಡಾದಿ ಪಾಪಯ್ಯ. ಇವರೆಲ್ಲರ ನಡುವೆ ನನ್ನ ಓಟು ಶಂಕರ್ ಅವರಿಗೆ.

ನಾನು ಸಾಫ್ಟ್‌ವೇರ್ ಕೆಲಸದವನು. ನಮ್ಮಲ್ಲಿ ಒಂದೇ ಪ್ರೋಗ್ರಾಮನ್ನು ಹಲವು ಭಾಷೆಗಳಿಗೆ ಒಗ್ಗಿಸುವಾಗ ಮೊದಲ ನಿಯಮ: ಚಿತ್ರದೊಳಗೆ ಅಕ್ಷರ ಇಡಬೇಡ. ಇಟ್ಟರೆ ಪ್ರತಿ ಭಾಷೆಗೂ ಚಿತ್ರವನ್ನೇ ತಿದ್ದಬೇಕು. ಚಂದಮಾಮದವರು ಕಂಪ್ಯೂಟರ್ ಬರುವ ಎಷ್ಟೋ ವರ್ಷ ಮೊದಲೇ ಈ ನಿಯಮದ ಮೇಲೆ ಪತ್ರಿಕೆ ನಡೆಸಿದರು. ಚಿತ್ರ ಒಂದೇ, ಸುತ್ತಲಿನ ಅಕ್ಷರ ಮಾತ್ರ ಬೇರೆ ಬೇರೆ. ಹಾಗಾಗಿ ಮಾತಿನ ಬಲೂನು ಇಲ್ಲ. ಇವನು ರಾಜ, ಇವನು ಕಳ್ಳ, ಇವಳಿಗೆ ಸಿಟ್ಟು ಬಂದಿದೆ, ಇದು ಬೇಸಿಗೆ, ಇದು ಬಡವರ ಮನೆ... ಎಲ್ಲವನ್ನೂ ಗೆರೆಯೇ ಹೇಳಬೇಕು. ‘ಹಾಗಾದರೆ ಅದು ಕಾಮಿಕ್ಸ್ ಅಲ್ಲ’ ಎನ್ನುವವರು ಅಮರ ಚಿತ್ರ ಕಥೆಯನ್ನು ತೆಗೆದುಕೊಳ್ಳಲಿ. ಅದನ್ನು ದೇಶಕ್ಕೆಲ್ಲ ತಲುಪಿಸಿದ ಅನಂತ ಪೈ ನಮ್ಮ ಕಾರ್ಕಳದವರು, ಅದರ ಮೊದಲ ಪುಸ್ತಕಗಳು 1965ರಲ್ಲಿ ಬಂದದ್ದೂ ಕನ್ನಡದಲ್ಲೇ. ಅದೂ ನನಗೆ ಪ್ರಿಯವೇ. ಆದರೆ ಅಲ್ಲಿ ಕಣ್ಣು ಬಲೂನಿನಿಂದ ಬಲೂನಿಗೆ ಹಾರುತ್ತದೆ. ಶಂಕರ್ ಚಿತ್ರದಲ್ಲಿ ಹಾರಲು ಜಾಗವಿಲ್ಲ, ನಡೆಯಬೇಕು.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಮಗಳಿಗೆ ಎಂಟು ವರ್ಷ. ಹುಟ್ಟಿ ಬೆಳೆದದ್ದು ಇಲ್ಲೇ. ಮನೆಯಲ್ಲಿ ಕನ್ನಡವೇ ಮಾತಾಡುತ್ತಾಳೆ, ಆದರೆ ಕನ್ನಡ ಹೇಗಿರುತ್ತದೆ ಅಂದರೆ ‘ಅಪ್ಪಾ, ಪ್ಲಾಂಟ್‌ಗೆ ವಾಟರ್ ಪೋರ್ ಮಾಡ್ಲಾ?’ ವಾಕ್ಯದ ಬಾಲ ಮಾತ್ರ ಕನ್ನಡ! ನಿಮ್ಮ ಮನೆಯಲ್ಲೂ ಹೀಗೇ ಇದ್ದರೆ ನಗಬೇಡಿ. ಗಮನಿಸಿ ನೋಡಿದರೆ ನಮ್ಮ ಮಕ್ಕಳಿಗೆ ವ್ಯಾಕರಣ ಬಂದಿದೆ. ಬಾ, ಹೋಗು, ಕೊಡ್ತೀನಿ, ಬೇಡ ಎಲ್ಲ ಸರಿಯಾಗೇ ಹೇಳುತ್ತಾರೆ. ಬಾರದಿರುವುದು ವಸ್ತುಗಳ ಹೆಸರು. ಬರುವುದಾದರೂ ಹೇಗೆ? ಅಲ್ ಖುವೈರ್‌ನ ಫ್ಲ್ಯಾಟಿನಲ್ಲಿ ಒರಳು ಇಲ್ಲ, ಕಡಗೋಲು ಇಲ್ಲ, ಜಗಲಿ ಇಲ್ಲ, ತೊಲೆ ಇಲ್ಲ, ನೊಗ ಇಲ್ಲ. ಕಣ್ಣಿಗೆ ಬೀಳದ ವಸ್ತುವಿನ ಹೆಸರನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿಸಿದರೆ ಎರಡು ದಿನ ನಿಲ್ಲುತ್ತದೆ, ಅಷ್ಟೆ. ಎರಡು ವರ್ಷಕ್ಕೊಮ್ಮೆ ಮೂರು ವಾರ ಊರಿಗೆ ಹೋದರೆ ಅಲ್ಲಿಯೂ ಈಗ ಮಿಕ್ಸಿ, ಟೈಲ್ಸು, ಟ್ರ್ಯಾಕ್ಟರು.

ಇಂಥ ವಸ್ತುಗಳೆಲ್ಲ ಇನ್ನೂ ಬಳಕೆಯಲ್ಲಿರುವ ಜಾಗ ನನಗೆ ಗೊತ್ತಿರುವುದು ಒಂದೇ, ಶಂಕರ್ ಚಿತ್ರ. ಬಳಕೆಯಲ್ಲಿ ಎಂಬ ಮಾತನ್ನು ಬೇಕೆಂದೇ ಹೇಳಿದೆ. ಮ್ಯೂಸಿಯಮ್ಮಿನಲ್ಲಿ ಒನಕೆಯನ್ನು ಗೋಡೆಗೆ ಒರಗಿಸಿ ಚೀಟಿ ಅಂಟಿಸಿರುತ್ತಾರೆ. ಇಲ್ಲಿ ಒನಕೆ ಹೆಂಗಸಿನ ಕೈಯಲ್ಲಿರುತ್ತದೆ, ಅವಳ ಸೆರಗು ಸೊಂಟಕ್ಕೆ ಸಿಕ್ಕಿಸಿರುತ್ತದೆ, ಪಕ್ಕದಲ್ಲಿ ಮೊರ, ಮೊರದ ಹತ್ತಿರ ಕಾಳಿಗೆ ಹೊಂಚು ಹಾಕುವ ಕೋಳಿ. ಕಥೆಗೂ ಕೋಳಿಗೂ ಸಂಬಂಧವೇ ಇರುವುದಿಲ್ಲ. ಆದರೂ ಕೋಳಿ ಇರುತ್ತದೆ, ಯಾಕೆಂದರೆ ಆ ಅಂಗಳದಲ್ಲಿ ಅದು ಇರಲೇಬೇಕು. ‘ಡೀಟೇಲ್’ ಎಂದು ನಾವು ಹೊಗಳುವುದು ಇದನ್ನೇ. ಗೆರೆ ಜಾಸ್ತಿ ಹಾಕಿದರೆ ಡೀಟೇಲ್ ಆಗುವುದಿಲ್ಲ. ಬರೆದವನಿಗೆ ಆ ವಸ್ತುವನ್ನು ಹೇಗೆ ಹಿಡಿಯುತ್ತಾರೆ, ಎಲ್ಲಿ ಇಡುತ್ತಾರೆ, ಎಲ್ಲಿ ಸವೆಯುತ್ತದೆ ಎಂಬುದು ಗೊತ್ತಿರಬೇಕು.

ಮಕ್ಕಳ ಜೊತೆ ನೋಡುವುದು ಹೇಗೆ? ನಾನು ತಲೆಯಿಂದ ಶುರು ಮಾಡುತ್ತೇನೆ. ಅಂದರೆ ಪೇಟದಿಂದ.

ಈ ವಿಷಯದಲ್ಲಿ ಒಮಾನಿನ ಮಕ್ಕಳು ಪುಣ್ಯವಂತರು. ಇಲ್ಲಿ ತಲೆಯ ಉಡುಗೆ ಇನ್ನೂ ಜೀವಂತ. ದಿನವೂ ಹಾಕುವ ಕಸೂತಿ ಟೋಪಿ ಕುಮ್ಮಾ, ಸುತ್ತುವ ಬಟ್ಟೆ ಮಸ್ಸರ್ ಎಂದು ನನ್ನ ಮಗಳೇ ನನಗೆ ಹೇಳುತ್ತಾಳೆ. ದಿಶ್‌ದಾಶಾದ ಕೊರಳಿನಲ್ಲಿ ನೇತಾಡುವ ಪುಟ್ಟ ಗೊಂಡೆ ನೋಡಿ ಇವರು ಒಮಾನಿ ಎಂದು ಗುರುತಿಸುತ್ತಾಳೆ. ಸೊಂಟದಲ್ಲಿ ಖಂಜರ್ ಕಂಡರೆ ಇವತ್ತು ಏನೋ ವಿಶೇಷ ಇದೆ ಎಂದು ತಿಳಿಯುತ್ತಾಳೆ. ಇದೇ ಕಣ್ಣನ್ನು ಚಂದಮಾಮದ ಮೇಲೆ ತಿರುಗಿಸಿದರೆ ಸಾಕು. ಮಂತ್ರಿಯ ಪೇಟದ ಮಡಿಕೆಗಳು ಒಂದರ ಮೇಲೊಂದು ಅಚ್ಚುಕಟ್ಟಾಗಿ ಕೂತಿರುತ್ತವೆ. ರೈತನ ಮುಂಡಾಸು ಬಿಸಿಲಿಗೆ ಸುತ್ತಿದ್ದು, ಬೆವರು ಒರೆಸಿಕೊಳ್ಳಲು ಬಿಚ್ಚಿ ಮತ್ತೆ ಸುತ್ತಿದ್ದು, ಆದ್ದರಿಂದ ಒರಟು. ವ್ಯಾಪಾರಿಯ ರುಮಾಲು ಬೇರೆ, ರಾಜನ ಕಿರೀಟ ಬೇರೆ, ಮುನಿಯ ಜಟೆ ಬೇರೆ, ಬ್ರಾಹ್ಮಣನ ಜುಟ್ಟು ಬೇರೆ. ಹತ್ತು ಜನರ ಗುಂಪಿನ ಚಿತ್ರದಲ್ಲಿ ಮಾತೇ ಇಲ್ಲದೆ ಯಾರು ಯಾರೆಂದು ಮಗು ಹೇಳಿಬಿಡುತ್ತದೆ. ಹೇಳುವಾಗ ಪೇಟ, ಮುಂಡಾಸು, ರುಮಾಲು, ಜಟೆ, ಜುಟ್ಟು ಎಂಬ ಐದು ಪದಗಳು ಬಾಯಿಗೆ ಬಂದಿರುತ್ತವೆ. ‘ಟರ್ಬನ್’ ಒಂದರಲ್ಲಿ ಈ ವ್ಯತ್ಯಾಸ ಹೇಳಲು ಆಗುವುದಿಲ್ಲ ಎಂಬುದು ಅದಕ್ಕೇ ಗೊತ್ತಾಗುತ್ತದೆ, ನಾವು ಭಾಷಣ ಮಾಡಬೇಕಾಗಿಲ್ಲ.

ನಿಜ್ವಾಕ್ಕೆ ಹೋಗುವವರು ಶುಕ್ರವಾರ ಬೆಳಿಗ್ಗೆ ಅಲ್ಲಿನ ಮೇಕೆ ಸಂತೆಯನ್ನು ತಪ್ಪದೆ ತೋರಿಸಿ. ಕೊಳ್ಳುವವರು ಸುತ್ತ ನಿಂತಿರುತ್ತಾರೆ, ಮಾರುವವರು ಮೇಕೆ ಎಳೆದುಕೊಂಡು ನಡುವೆ ಸುತ್ತು ಹಾಕುತ್ತಾರೆ. ಒಬ್ಬ ಹಲ್ಲು ನೋಡುತ್ತಾನೆ, ಒಬ್ಬ ಬೆನ್ನು ಅದುಮುತ್ತಾನೆ, ಒಬ್ಬ ಸುಮ್ಮನೆ ಗಡ್ಡ ಸವರುತ್ತಾನೆ. ಎಲ್ಲರೂ ನೋಡುತ್ತಿರುವುದು ಒಂದೇ ಮೇಕೆಯನ್ನು, ಒಬ್ಬರ ಮುಖದಂತೆ ಇನ್ನೊಬ್ಬರ ಮುಖವಿಲ್ಲ. ಶಂಕರ್ ಅವರ ಗುಂಪಿನ ಚಿತ್ರ ಹೀಗೇ. ಹಿಂದಿನ ಸಾಲಿನಲ್ಲಿ ಅರ್ಧ ಮುಖ ಕಾಣುವವನಿಗೂ ಅವನದೇ ಒಂದು ಅಭಿಪ್ರಾಯ ಇರುತ್ತದೆ.

ಎರಡನೆಯದು ಗೆರೆ. ಇಂಜಿನಿಯರಿಂಗ್ ಮೊದಲ ವರ್ಷದ ಡ್ರಾಯಿಂಗ್ ಕ್ಲಾಸು ನೆನಪಿರುವವರಿಗೆ ಹ್ಯಾಚಿಂಗ್ ಗೊತ್ತು. ಕತ್ತರಿಸಿದ ಭಾಗ ಎಂದು ತೋರಿಸಲು 45 ಡಿಗ್ರಿಯಲ್ಲಿ ಸಮನಾದ ಓರೆ ಗೆರೆಗಳು. ಅಲ್ಲಿ ಗೆರೆ ಒಂದು ಸಂಕೇತ. ಪೆನ್ನು, ಮಸಿಯ ಚಿತ್ರಕಾರರಿಗೆ ಅದೇ ಗೆರೆ ನೆರಳೂ ಹೌದು, ಆಕಾರವೂ ಹೌದು. ಕರಿ ಮಸಿಯಲ್ಲಿ ಬೂದು ಬಣ್ಣ ಇಲ್ಲವಲ್ಲ! ಗೆರೆಗಳನ್ನು ಹತ್ತಿರ ಹಾಕಿದರೆ ಕಣ್ಣಿಗೆ ಕಪ್ಪು, ದೂರ ಹಾಕಿದರೆ ತಿಳಿ. ಜೊತೆಗೆ ಗೆರೆ ವಸ್ತುವಿನ ಮೈಯನ್ನು ಹಿಂಬಾಲಿಸಬೇಕು. ಕಂಬದ ಮೇಲೆ ಬಾಗಬೇಕು, ಗೋಡೆಯ ಮೇಲೆ ನೇರ ಇರಬೇಕು, ಪಂಚೆಯ ಮೇಲೆ ಮಡಿಕೆಯಿಂದ ಹೊರಟು ಕರಗಬೇಕು. ಶಂಕರ್ ಬರೆದ ಮರದ ಕಾಂಡಕ್ಕೆ ಬೆರಳಿಟ್ಟು ಗೆರೆಯ ದಿಕ್ಕಿನಲ್ಲೇ ಎಳೆಯಿರಿ, ಬೆರಳು ತಾನಾಗಿ ಕಾಂಡವನ್ನು ಬಳಸುತ್ತದೆ.

ನಿಜ್ವಾದ ಕೋಟೆಯ ದೊಡ್ಡ ದುಂಡು ಬುರುಜು ಇದಕ್ಕೆ ಒಳ್ಳೆಯ ಅಭ್ಯಾಸ. 17ನೇ ಶತಮಾನದ್ದು, ಅಲಂಕಾರ ಕಡಿಮೆ, ಮೈ ಪೂರ್ತಿ ಸಾದಾ. ಮಗುವಿಗೆ ಒಂದು ಕಪ್ಪು ಪೆನ್ನು ಕೊಟ್ಟು, ಬಣ್ಣ ಕೊಡದೆ, ಬುರುಜು ದುಂಡಗೆ ಕಾಣುವ ಹಾಗೆ ಬರಿ ಎನ್ನಿ. ನನ್ನ ಮಗಳು ಮೊದಲು ಇಟ್ಟಿಗೆ ಇಟ್ಟಿಗೆಯಾಗಿ ಬರೆದು ಚಪ್ಪಟೆ ಮಾಡಿದಳು. ಆಮೇಲೆ ಚಂದಮಾಮದ ಒಂದು ಕಂಬ ನೋಡಿ, ಒಂದು ಬದಿಗೆ ಮಾತ್ರ ಬಾಗಿದ ಗೆರೆ ಹಾಕಿ, ಇನ್ನೊಂದು ಬದಿ ಖಾಲಿ ಬಿಟ್ಟಳು. ಬುರುಜು ಎದ್ದು ನಿಂತಿತು. ಆ ಖಾಲಿ ಬಿಟ್ಟದ್ದೇ ದೊಡ್ಡ ಪಾಠ ಎಂದು ನನ್ನ ಅಭಿಪ್ರಾಯ. ಶಂಕರ್ ಎಷ್ಟು ತುಂಬುತ್ತಾರೋ ಅಷ್ಟೇ ಲೆಕ್ಕ ಹಾಕಿ ಬಿಳಿ ಬಿಡುತ್ತಾರೆ, ಇಲ್ಲದಿದ್ದರೆ ಆ ದಟ್ಟ ಕಾಡಿನಲ್ಲಿ ವಿಕ್ರಮ ನಮಗೆ ಕಾಣುತ್ತಲೇ ಇರಲಿಲ್ಲ.

ಅಂದ ಹಾಗೆ, ಬೇತಾಳನ ಕಥೆಗಳು ಮೂಲದಲ್ಲಿ 25. ಸುಮಾರು 11ನೇ ಶತಮಾನದ ಸೋಮದೇವನ ಕಥಾಸರಿತ್ಸಾಗರದಲ್ಲೂ ಸೇರಿವೆ. ಚಂದಮಾಮದವರು 25ಕ್ಕೆ ನಿಲ್ಲಿಸದೆ ಹೊಸ ಕಥೆ ಕಟ್ಟುತ್ತಾ ನೂರಾರು ಮಾಡಿದರು. ಪ್ರತಿ ಕಥೆಗೂ ಬೇರೆ ಊರು, ಬೇರೆ ಮನೆ, ಬೇರೆ ಜನ. ಅಷ್ಟನ್ನೂ ತುಂಬಲು ಒಬ್ಬರ ತಲೆಯಲ್ಲಿ ಎಷ್ಟು ಸಾಮಾನು ಇದ್ದಿರಬೇಕು ಯೋಚಿಸಿ.

ಮನೆಯಲ್ಲಿ ಹಳೆಯ ಸಂಚಿಕೆ ಇರುವವರಿಗೆ ನನ್ನ ಕಸುಬಿನ ಒಂದೆರಡು ಸಲಹೆ. ಅಗ್ಗದ ಕಾಗದ ಬಿಸಿಲು ಕಂಡರೆ ಹಳದಿಯಾಗಿ ಮುರಿಯುತ್ತದೆ, ಇಲ್ಲಿನ ಬಿಸಿಲು ಕೇಳಬೇಕೇ? ಕಿಟಕಿಯ ಪಕ್ಕದ ಶೆಲ್ಫಿನಲ್ಲಿ ಇಡಬೇಡಿ. ಮೊಬೈಲಿನಲ್ಲಿ ಫೋಟೋ ಹೊಡೆದು ವಾಟ್ಸಾಪಿನಲ್ಲಿ ಕಳಿಸಿದರೆ ಮೊದಲು ಸಾಯುವುದೇ ಸಣ್ಣ ಗೆರೆ. ಜೆಪೆಗ್ ಫೈಲು ಮುಖ, ಆಕಾಶದಂಥ ನಯವಾದ ಚಿತ್ರಗಳಿಗೆ ಹೇಳಿ ಮಾಡಿಸಿದ್ದು, ಚೂಪಾದ ಕಪ್ಪು ಗೆರೆಯ ಸುತ್ತ ಧೂಳಿನಂಥ ಕಲೆ ಬಿಡುತ್ತದೆ. ಸ್ಕ್ಯಾನರಿನಲ್ಲಿ 600 ಡಿಪಿಐ ಇಟ್ಟು ಪಿಎನ್‌ಜಿ ಫೈಲಾಗಿ ಉಳಿಸಿ. ಫೈಲು ದೊಡ್ಡದಾಗುತ್ತದೆ, ಆಗಲಿ. ಬೈಂಡ್ ಮಾಡಿಸಿದ ಸಂಪುಟವನ್ನು ಮಾತ್ರ ಒತ್ತಿ ಬಗ್ಗಿಸಬೇಡಿ, ಬೆನ್ನು ಸೀಳುತ್ತದೆ.

ಕೊನೆಗೆ ಮನೆಗೆಲಸ. ಒಂದು ಎತ್ತಿನ ಗಾಡಿಯ ಚಿತ್ರ ಹುಡುಕಿ. ಚಂದಮಾಮದಲ್ಲಿ ಗಾಡಿಗಳಿಗೆ ಬರವಿಲ್ಲ. ಮಗು ಬಿಳಿ ಹಾಳೆಯ ಮೇಲೆ ಗಾಡಿಯೊಂದನ್ನೇ ನೋಡಿ ಬರೆಯಲಿ, ಪ್ರತಿ ಭಾಗಕ್ಕೂ ಬಾಣ ಹಾಕಿ ಹೆಸರು ಬರೆಯಲಿ. ನನಗೆ ಚಕ್ರ, ನೊಗ ಬಿಟ್ಟರೆ ಮುಂದಕ್ಕೆ ಹೋಗಲಿಲ್ಲ. ಹಾಸನದಲ್ಲಿರುವ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಚಿತ್ರ ತೋರಿಸಿದೆವು. ಅವರು ಕನ್ನಡಕ ಹಾಕಿಕೊಂಡು, ಮೊದಲು ‘ಗಾಡಿ ಸರಿಯಾಗಿ ಬರ್ದಿದಾನೆ ಕಣೋ’ ಎಂದು ಸರ್ಟಿಫಿಕೇಟ್ ಕೊಟ್ಟರು. ಆಮೇಲೆ ಮೊಮ್ಮಗಳಿಗೆ ಒಂದೊಂದಾಗಿ ಹೇಳಿದರು: ಮೂಕಿ, ಅಚ್ಚು, ಗುಂಬ, ಅರೆಕಾಲು, ಚಕ್ರ ಕಳಚದ ಹಾಗೆ ಅಚ್ಚಿನ ತುದಿಗೆ ಹಾಕುವ ಕಡಾಣಿ. ಮುಕ್ಕಾಲು ಗಂಟೆ ಮಾತಾಡಿದರು. ಸಾಮಾನ್ಯವಾಗಿ ‘ಊಟ ಆಯ್ತಾ, ಸೆಖೆ ಜಾಸ್ತಿನಾ’ ಎಂದು ಮೂರು ನಿಮಿಷಕ್ಕೆ ಮುಗಿಯುವ ಫೋನು ಅದು.

ಇವು ನಮ್ಮ ಹಾಸನದ ಕಡೆಯ ಹೆಸರುಗಳು. ಧಾರವಾಡ, ಬಳ್ಳಾರಿ, ಮಂಗಳೂರು, ಕಾಸರಗೋಡಿನ ಕಡೆಯವರು ಇವಕ್ಕೆ ಏನೆನ್ನುತ್ತೀರಿ? ಮಕ್ಕಳ ಕೈಯಲ್ಲೇ ಬರೆಸಿ ಕಳಿಸಿ. ಗಾಡಿಯ ಚಿತ್ರದ ಜೊತೆಗೆ.