ಹೃದಯದ ಕೋಶಕ್ಕೆ ಬೂತಾಯಿಯ ಕೊಬ್ಬು

ಎದೆನೋವು ಬಂದವರ ಮನೆಯವರು ಮೊದಲು ಕೇಳುವುದು, "ಕೊಬ್ಬು ಪೂರ್ತಿ ಬಿಡಬೇಕಾ ಹಕೀಮರೇ?" ಎಂದು. ಬೇಡ. ಕೊಬ್ಬೆಲ್ಲ ಒಂದೇ ಅಲ್ಲ.

ರಕ್ತನಾಳ ಕಟ್ಟಿಕೊಂಡಾಗ ಹೃದಯದ ಕೋಶಗಳಿಗೆ ಆಮ್ಲಜನಕ ಸಿಗದೆ ಒಳಗಿನ ಪೊಟ್ಯಾಸಿಯಂ ಹೊರಗೆ ಸೋರುತ್ತದೆ, ಬಡಿತದ ಲಯ ತಪ್ಪುತ್ತದೆ. ಆಸ್ಪತ್ರೆ ತಲುಪುವ ಮೊದಲೇ ಜೀವ ಹೋಗುವುದು ಹೆಚ್ಚಾಗಿ ಇದರಿಂದಲೇ. ಕೋಶದ ಪೊರೆ ಆಗಿರುವುದು ಮುಖ್ಯವಾಗಿ ಕೊಬ್ಬಿನಿಂದ. ನೀವು ವಾರಗಟ್ಟಲೆ ತಿಂದದ್ದು ಅಲ್ಲಿ ಸೇರಿಕೊಳ್ಳುತ್ತದೆ. ಬೂತಾಯಿ, ಬಂಗುಡೆಯ ಒಮೆಗಾ-3 ಪೊರೆಯಲ್ಲಿದ್ದರೆ ಲಯ ಅಷ್ಟು ಬೇಗ ತಪ್ಪದೆಂದು ಪ್ರಾಣಿಗಳ ಮೇಲಿನ ಹಲವು ಪ್ರಯೋಗಗಳು ತೋರಿಸಿವೆ. 1989ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವೊಂದರಲ್ಲಿ ಹೃದಯಾಘಾತದಿಂದ ಚೇತರಿಸಿಕೊಂಡ 2,033 ಗಂಡಸರಿದ್ದರು. ಅವರಲ್ಲಿ ವಾರಕ್ಕೆರಡು ಸಲ ಇಂಥ ಮೀನು ತಿನ್ನಲು ಸಲಹೆ ಪಡೆದವರ ಸಾವು ಎರಡು ವರ್ಷಗಳಲ್ಲಿ ಶೇ. 29ರಷ್ಟು ಕಡಿಮೆಯಿತ್ತು. ನಂತರದ ಅಧ್ಯಯನಗಳೆಲ್ಲ ಇದನ್ನು ಒಪ್ಪಿಲ್ಲ. ಮೀನೆಣ್ಣೆಯ ಮಾತ್ರೆಯನ್ನಂತೂ ವೈದ್ಯರನ್ನು ಕೇಳದೆ ನುಂಗಬೇಡಿ. ಪ್ರಮಾಣ ಹೆಚ್ಚಾದರೆ ಅದೇ ಬಡಿತ ಕೆಡಿಸೀತು.

ಮೀನನ್ನು ಸಾರು ಮಾಡಿ. ಇಫ್ತಾರಿನ ಸಮೋಸ ಕರಿದ ಎಣ್ಣೆಯಲ್ಲೇ ಮರುದಿನ ಬಂಗುಡೆ ಕರಿದರೆ ಏನು ಲಾಭ?

ಎದೆ ಹಿಂಡಿ ಬೆವರು ಬಂದರೆ ಮಾತ್ರ ಗ್ಯಾಸ್ ಎಂದುಕೊಂಡು ಖಮೀರಾ ನೆಕ್ಕುತ್ತಾ ಕೂರಬೇಡಿ, ನನ್ನ ದವಾಖಾನೆಗೂ ಬರಬೇಡಿ. 108ಕ್ಕೆ ಕರೆ ಮಾಡಿ.